ಕಡಲಿಂದ ಕಡಲಿಗೆ: ಅಕ್ಕನ ಜೊತೆ ಸೌದಿ ಸುತ್ತಾಟ

ಗುರುವಾರ, ದಮ್ಮಾಮ್

ಇಮಿಗ್ರೇಷನ್ ಕೌಂಟರ್‌ಗಳಲ್ಲಿ ಕೂತಿದ್ದವರಲ್ಲಿ ಹುಡುಗಿಯರೇ ಜಾಸ್ತಿ. ಕಪ್ಪು ನಿಕಾಬ್, ಭುಜದ ಮೇಲೆ ಯೂನಿಫಾರ್ಮಿನ ಪಟ್ಟಿ. ನನ್ನ ಪಾಸ್‌ಪೋರ್ಟ್ ತಿರುವಿದವಳು ಬೆರಳಚ್ಚು ತೆಗೆದುಕೊಂಡು, ಕಣ್ಣಲ್ಲೇ ನಕ್ಕು, ಸ್ಟಾಂಪ್ ಒತ್ತಿ ಕಳಿಸಿದಳು. ಸುಮ್ನೆ ಊರು ನೋಡಲು ಬರುವವರಿಗೆ ಸೌದಿ ಅರೇಬಿಯಾ ವೀಸಾ ಕೊಡಲು ಶುರು ಮಾಡಿದ್ದೇ 2019ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚೆ ಹಜ್, ಉಮ್ರಾ, ಕೆಲಸ, ವ್ಯಾಪಾರ, ಇಲ್ಲವೇ ನೆಂಟರ ಮನೆ. ಇಷ್ಟೇ ದಾರಿ.

ಹೊರಗೆ ಅಕ್ಕ, ಭಾವ, ಅವರ ಮಗಳು ಕಾಯುತ್ತಿದ್ದರು. ಡಿಸೆಂಬರ್ ಆದ್ದರಿಂದ ಹಿತವಾದ ಚಳಿ. ಭಾವ ಸೂಟ್‌ಕೇಸ್ ಡಿಕ್ಕಿಗೆ ಹಾಕಿ ಹಿಂದಿನ ಸೀಟಲ್ಲಿ ಮಗಳ ಪಕ್ಕ ಕೂತರು. ಅಕ್ಕ ಸ್ಟೀರಿಂಗ್ ಹಿಡಿದಳು. "ನೀನು ಮುಂದೆ ಕೂತ್ಕೊಳ್ಳೇ, ರಸ್ತೆ ಕಾಣತ್ತೆ" ಅಂದಳು.

ಅಕ್ಕ ಮದುವೆಯಾಗಿ ಶಿವಮೊಗ್ಗದಿಂದ ಇಲ್ಲಿಗೆ ಬಂದಿದ್ದು 2003ರಲ್ಲಿ. ಊರಲ್ಲಿ ಸ್ಕೂಟರ್ ಓಡಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದವಳು. ಇಲ್ಲಿ ಹಾಲು ಬೇಕಾದರೂ ಭಾವ ಡ್ಯೂಟಿ ಮುಗಿಸಿ ಬರುವುದನ್ನು ಕಾಯಬೇಕಿತ್ತು. ಅವರು ಜುಬೈಲ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ಒಮ್ಮೆ ಮಗುವಿಗೆ ಜ್ವರ ಏರಿತು. ಕಾರಿನ ಕೀ ಮನೆಯಲ್ಲೇ ಇತ್ತು, ಓಡಿಸಲೂ ಬರುತ್ತಿತ್ತು. ಆದರೂ ಪಕ್ಕದ ಮನೆಯ ಕೇರಳದವರ ಬಾಗಿಲು ಬಡಿಯಬೇಕಾಯಿತು. ಹೆಂಗಸರಿಗೆ ಲೈಸೆನ್ಸೇ ಕೊಡುತ್ತಿರಲಿಲ್ಲ. 2018ರ ಜೂನ್ 24ಕ್ಕೆ ಆ ನಿಷೇಧ ಹೋಯಿತು. ಮರುವರ್ಷ ಅಕ್ಕ ಹೆಂಗಸರ ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

"ಯಾರು ಕೇಳಿ ಕೊಡಿಸಿದ್ದು ಇದನ್ನ?" ಅಂದೆ. ಅಕ್ಕ ತಕ್ಷಣ ಏನೂ ಹೇಳಲಿಲ್ಲ. ಕೇಳಿದವರಿದ್ದರು. 1990ರಲ್ಲೇ ರಿಯಾದ್‌ನಲ್ಲಿ 47 ಹೆಂಗಸರು ಕಾರು ಓಡಿಸಿ ತೋರಿಸಿದ್ದರು. ಅವರಲ್ಲಿ ನೌಕರಿಯಲ್ಲಿದ್ದವರನ್ನು ಅಮಾನತು ಮಾಡಿದರು, ಪಾಸ್‌ಪೋರ್ಟ್ ಕಿತ್ತುಕೊಂಡರು. ಈ ಹಕ್ಕಿಗಾಗಿ ವರ್ಷಗಟ್ಟಲೆ ದನಿ ಎತ್ತಿದ್ದ ಲುಜೈನ್ ಅಲ್ ಹತ್‌ಲೂಲ್ ಅವರನ್ನು ಬಂಧಿಸಿದ್ದು 2018ರ ಮೇ ತಿಂಗಳಲ್ಲಿ. ಅಂದರೆ ನಿಷೇಧ ತೆಗೆಯುವ ಮುಂಚಿನ ತಿಂಗಳು! ಬಿಟ್ಟಿದ್ದು 2021ರ ಫೆಬ್ರವರಿಯಲ್ಲಿ. ಹಕ್ಕು ಕೊಟ್ಟರು, ಆದರೆ ಕೇಳಿದ್ದಕ್ಕೆ ಕೊಟ್ಟೆವು ಅನ್ನಿಸಬಾರದು. ಅರಮನೆ ತಾನಾಗಿ ಕೊಟ್ಟಿದ್ದು ಅಂತಲೇ ಕಾಣಬೇಕು. ಮುಂದಿನ ಊರುಗಳಲ್ಲೂ ಇದೇ ಮಾತು ನನ್ನ ತಲೆಯಲ್ಲಿ ಓಡುತ್ತಿತ್ತು.

ಶುಕ್ರವಾರ, ಅಲ್ ಖೋಬರ್

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. 2013ರವರೆಗೆ ಗುರುವಾರ, ಶುಕ್ರವಾರ ಇತ್ತಂತೆ. ಹೊರಗಿನ ಬ್ಯಾಂಕು, ಮಾರುಕಟ್ಟೆಗಳ ಜೊತೆ ತಾಳೆಯಾಗಲಿ ಅಂತ ಒಂದು ರಾಜಾಜ್ಞೆಯಲ್ಲಿ ಇಡೀ ದೇಶದ ವಾರವೇ ಬದಲಾಯಿತು.

ಮಧ್ಯಾಹ್ನದ ಜುಮ್ಮಾ ನಮಾಜಿಗೆ ಬೀದಿ ಖಾಲಿ. ಸಂಜೆಯ ನಮಾಜಿನ ಹೊತ್ತಿಗೆ ಮಾತ್ರ ಅಂಗಡಿಗಳು ತೆರೆದೇ ಇದ್ದವು. ಒಬ್ಬ ಹುಡುಗ ಕೌಂಟರ್ ಬಿಟ್ಟು ಮಸೀದಿಗೆ ಹೋದ, ಇನ್ನೊಬ್ಬ ಬಿಲ್ ಹಾಕುತ್ತಲೇ ಇದ್ದ. ಅಕ್ಕನಿಗೆ ಇದು ಇನ್ನೂ ಹೊಸದೇ. ಮೊದಲೆಲ್ಲ ಅಜಾನ್ ಕೇಳಿದ ಕೂಡಲೇ ಶಟರ್ ಕೆಳಗೆ. ಸೂಪರ್ ಮಾರ್ಕೆಟ್ ಒಳಗಿದ್ದರೆ ಒಳಗೇ. ಟ್ರಾಲಿ ಹಿಡಿದುಕೊಂಡು ಅರ್ಧ ಗಂಟೆ ನಿಂತಿರುತ್ತಿದ್ದಳಂತೆ. ನಮಾಜಿನ ಹೊತ್ತಲ್ಲೂ ಅಂಗಡಿ ತೆರೆದಿಡಬಹುದು ಅಂತ ಆಗಿದ್ದು 2021ರಲ್ಲಿ. ಬೀದಿಯಲ್ಲಿ ಗದರಿಸಿಕೊಂಡು ತಿರುಗುತ್ತಿದ್ದ ಮುತವ್ವಾಗಳಿಗೆ, ಅಂದರೆ ಧಾರ್ಮಿಕ ಪೊಲೀಸರಿಗೆ, ಬಂಧಿಸುವ ಅಧಿಕಾರ 2016ರಲ್ಲೇ ಹೋಗಿತ್ತು.

ಸಂಜೆ ಕಡಲ ದಂಡೆಯಲ್ಲಿ ಎಲ್ಲಿ ನೋಡಿದರೂ ಚಾಪೆ ಹಾಸಿ ಕೂತ ಸಂಸಾರಗಳು. ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಖರ್ಜೂರ. ಹೆಂಗಸರ ಅಬಾಯಗಳಲ್ಲಿ ಕಪ್ಪು ಮಾತ್ರ ಅಲ್ಲ, ಬೂದಿ, ತಿಳಿ ಹಸಿರು, ಇಟ್ಟಿಗೆ ಬಣ್ಣ ಎಲ್ಲ ಇತ್ತು. ಇಲ್ಲಿಂದಲೇ ಬಹರೇನ್‌ಗೆ ಸೇತುವೆ. 25 ಕಿಲೋಮೀಟರ್ ಉದ್ದ, 1986ರದ್ದು. ಸೌದಿಯಲ್ಲಿ ಥಿಯೇಟರ್ ಇಲ್ಲದ ಕಾಲದಲ್ಲಿ ಜನ ವಾರದ ಕೊನೆಗೆ ಸಿನಿಮಾ ನೋಡಲೆಂದೇ ಈ ಸೇತುವೆ ದಾಟುತ್ತಿದ್ದರು. 2018ರ ಏಪ್ರಿಲ್‌ನಲ್ಲಿ ರಿಯಾದ್‌ನಲ್ಲಿ ಮೊದಲ ಥಿಯೇಟರ್ ತೆರೆಯಿತು. ಈಗ ಮಾಲ್‌ಗಳಲ್ಲೆಲ್ಲ ಇವೆ.

ರಾತ್ರಿ ಊಟ ಕರಾವಳಿಯವರ ಹೋಟೆಲಲ್ಲಿ. ಮಸಾಲೆ ದೋಸೆ, ನೀರುದೋಸೆ, ಪಕ್ಕದ ಟೇಬಲಿನಲ್ಲಿ ತುಳು, ಆಚೆ ಕಡೆ ಬ್ಯಾರಿ ಭಾಷೆ. ಮಂಗಳೂರು, ಉಡುಪಿ, ಭಟ್ಕಳದವರು ಈ ಭಾಗದಲ್ಲಿ ಎಷ್ಟೋ ವರ್ಷಗಳಿಂದ ಇದ್ದಾರೆ. ಮಾತು ಲೆವಿಯ ಕಡೆ ತಿರುಗಿತು. ಹೊರದೇಶದ ನೌಕರ ತನ್ನ ಹೆಂಡತಿ, ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ತಲಾ ಇಂತಿಷ್ಟು ಅಂತ ಸರ್ಕಾರಕ್ಕೆ ಕಟ್ಟಬೇಕು. 2017ರಲ್ಲಿ ತಿಂಗಳಿಗೆ 100 ರಿಯಾಲ್ ಇದ್ದದ್ದು ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ, ಇಬ್ಬರು ಮಕ್ಕಳು ಅಂದರೆ ತಿಂಗಳಿಗೆ 1,200 ರಿಯಾಲ್. ಅದನ್ನು ಕಟ್ಟಲಾಗದೆ ಎಷ್ಟೋ ಜನ ಸಂಸಾರವನ್ನು ಊರಿಗೆ ಕಳಿಸಿ, ನಾಲ್ಕು ಜನ ಸೇರಿ ರೂಮ್ ಮಾಡಿಕೊಂಡಿದ್ದಾರೆ. ಎಣ್ಣೆಯ ದುಡ್ಡನ್ನೇ ನಂಬಿ ಕೂರಬಾರದು ಅಂತ ರಾಜ್ಯ ಹೊಸ ಆದಾಯ ಹುಡುಕಿತು. ಅದರ ಬಿಸಿ ತಟ್ಟಿದ್ದು ಕುಂದಾಪುರದ ಯಾವುದೋ ಮನೆಗೆ.

ಶನಿವಾರ, ಧಹ್ರಾನ್

ಈ ದೇಶದ ಕತೆ ತಿರುಗಿದ ಜಾಗ ನೋಡಬೇಕೆಂದರೆ ಮೆಕ್ಕಾ, ರಿಯಾದ್ ಬಿಟ್ಟರೆ ಧಹ್ರಾನ್‌ಗೇ ಬರಬೇಕು. ಇಲ್ಲೊಂದು ಬಾವಿ ಇದೆ, ದಮ್ಮಾಮ್ ನಂಬರ್ 7.

ದೊರೆ ಅಬ್ದುಲ್ ಅಜೀಜ್ 1932ರಲ್ಲಿ ಪ್ರಾಂತ್ಯಗಳನ್ನೆಲ್ಲ ಸೇರಿಸಿ ಸೌದಿ ಅರೇಬಿಯಾ ಅಂತ ಹೆಸರಿಟ್ಟಾಗ ಖಜಾನೆ ಬರಿದು. ಮುಖ್ಯ ಆದಾಯ ಹಜ್ ಯಾತ್ರಿಕರದ್ದು, ಆರ್ಥಿಕ ಕುಸಿತದಿಂದ ಅದೂ ಬತ್ತಿತ್ತು. 1933ರಲ್ಲಿ ಅಮೆರಿಕದ ಕಂಪನಿಗೆ ಎಣ್ಣೆ ಹುಡುಕುವ ಹಕ್ಕು ಕೊಟ್ಟರು. ಒಂದಾದ ಮೇಲೊಂದು ಬಾವಿ ಕೊರೆದರೂ ಲಾಭಕ್ಕೆ ಬರುವಷ್ಟು ಎಣ್ಣೆ ಸಿಗಲಿಲ್ಲ. ಏಳನೆಯದನ್ನು 1936ರ ಡಿಸೆಂಬರ್‌ನಲ್ಲಿ ಶುರು ಮಾಡಿದರು. 1938ರ ಮಾರ್ಚ್ ಮೊದಲ ವಾರ ಸುಮಾರು 1,440 ಮೀಟರ್ ಆಳದಲ್ಲಿ ಎಣ್ಣೆ ಉಕ್ಕಿತು. ಆ ಒಂದೇ ಬಾವಿ 1982ರವರೆಗೆ 3.2 ಕೋಟಿ ಬ್ಯಾರಲ್‌ಗೂ ಹೆಚ್ಚು ಕೊಟ್ಟಿತು.

ಭೂವಿಜ್ಞಾನಿ ಮ್ಯಾಕ್ಸ್ ಸ್ಟೈನೆಕಿ ಹೆಸರು ಎಲ್ಲ ಕಡೆ ಬರುತ್ತದೆ. ನನಗೆ ಮನಸ್ಸಿಗೆ ಹತ್ತಿರವಾದದ್ದು ಖಮೀಸ್ ಬಿನ್ ರಿಮ್ತಾನ್. ಅಜ್ಮಾನ್ ಬುಡಕಟ್ಟಿನ ಬೆದುಯಿನ್. ಗುರುತೇ ಇಲ್ಲದ ಮರಳಿನಲ್ಲಿ ದಾರಿ, ನೀರು, ದಿಕ್ಕು ಹೇಳಿಕೊಟ್ಟು ಅಮೆರಿಕದವರನ್ನು ಕರೆದೊಯ್ದವನು ಅವನು. 1974ರಲ್ಲಿ ಸಿಕ್ಕ ಒಂದು ಎಣ್ಣೆ ನಿಕ್ಷೇಪಕ್ಕೆ ಅವನ ಹೆಸರಿಟ್ಟಿದ್ದಾರೆ. ಓದು ಬರಹ ಬಲ್ಲವರ ಯಂತ್ರಕ್ಕೆ ಮರುಭೂಮಿಯ ಹಳೇ ವಿದ್ಯೆ ದಾರಿ ತೋರಿಸಿತು. ಅಲ್ಲಿಂದ ಮುಂದೆ ಆ ವಿದ್ಯೆಯೇ ಬೇಡವಾಯಿತು.

ಬಾವಿಯ ಹತ್ತಿರವೇ ಇಥ್ರಾ ಇದೆ. ಸೌದಿಯ ಸರ್ಕಾರಿ ಎಣ್ಣೆ ಕಂಪನಿ ಅರಾಮ್ಕೊ ಕಟ್ಟಿಸಿದ ಸಂಸ್ಕೃತಿ ಕೇಂದ್ರ. ದೊಡ್ಡ ದೊಡ್ಡ ಬೆಣಚುಕಲ್ಲುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ರೂಪ. ಮೈತುಂಬ ನೂರಾರು ಕಿಲೋಮೀಟರ್ ಉದ್ದದ ಸ್ಟೀಲ್ ಕೊಳವೆ ಸುತ್ತಿದ್ದಾರೆ. ವಿನ್ಯಾಸ ನಾರ್ವೆಯ ಸ್ನೋಹೆಟ್ಟಾ ಅವರದ್ದು. ಅವರದ್ದೂ ಎಣ್ಣೆಯ ದೇಶವೇ. ಒಳಗೆ ಮ್ಯೂಸಿಯಂ, ರಂಗಮಂದಿರ, ಸಿನಿಮಾ ಹಾಲ್, ಬಹು ಚಂದದ ಲೈಬ್ರರಿ. ಮಕ್ಕಳ ವಿಭಾಗದಲ್ಲಿ ಒಬ್ಬ ಅಜ್ಜ ಬಿಳಿ ತೋಬ್, ಅಂದರೆ ಕಾಲುಮುಟ್ಟುವ ಉದ್ದನೆ ಅಂಗಿ, ಹಾಕಿಕೊಂಡು ನೆಲದ ಮೇಲೆ ಕೂತು ಮೊಮ್ಮಗಳಿಗೆ ಚಿತ್ರದ ಪುಸ್ತಕ ಓದುತ್ತಿದ್ದ. ಅವಳು ಇಂಗ್ಲಿಷ್‌ನಲ್ಲಿ ಕೇಳುತ್ತಾಳೆ, ಅವನು ಅರಬ್ಬಿಯಲ್ಲಿ ಹೇಳುತ್ತಾನೆ. ನಡೆಯುತ್ತಲೇ ಇತ್ತು.

ಅರಾಮ್ಕೊದ ಬೇಲಿಯೊಳಗಿನ ಕಾಲೊನಿಯಲ್ಲಿ ಹೆಂಗಸರು ಮೊದಲಿಂದಲೂ ಕಾರು ಓಡಿಸುತ್ತಿದ್ದರು, ಸಿನಿಮಾ ನೋಡುತ್ತಿದ್ದರು. ಬೇಲಿ ದಾಟಿದರೆ ಅದೇ ಅಪರಾಧ. ಆರಂಭದ ದಿನಗಳಲ್ಲಿ ಅಮೆರಿಕದವರಿಗೆ ಎಸಿ ಮನೆಗಳು, ಸೌದಿ ಕಾರ್ಮಿಕರಿಗೆ ಬೇರೆ ಶಿಬಿರ. ಆ ಭೇದದ ವಿರುದ್ಧ 1953ರಲ್ಲೂ 1956ರಲ್ಲೂ ಅವರು ಮುಷ್ಕರ ಹೂಡಿದ್ದರು. ಎರಡನ್ನೂ ರಾಜ್ಯ ಅಡಗಿಸಿತು. ಸಂಬಳ, ಮನೆಯ ಸೌಲಭ್ಯ ಆಮೇಲೆ ಸುಧಾರಿಸಿದವು, ಮುಷ್ಕರ ಮಾತ್ರ ಕಾನೂನುಬಾಹಿರವಾಯಿತು. ಇದೂ ಲುಜೈನ್ ಕತೆಯ ಹಾಗೇ ಇದೆ, ಅಲ್ವಾ?

ಭಾನುವಾರ, ಹೊಫುಫ್

ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಊರು ಇದು. ದಮ್ಮಾಮ್‌ನಿಂದ ಒಂದೂವರೆ ಗಂಟೆ ಬರೀ ಮರಳು, ಕಂಬ, ಬೇಲಿಯಾಚೆ ಒಂಟೆ. ಆಮೇಲೆ ಒಮ್ಮೆಲೇ ಹಸಿರು. ಅಲ್ ಅಹ್ಸಾ ಓಯಸಿಸ್‌ನಲ್ಲಿ ಖರ್ಜೂರದ ಮರಗಳೇ 25 ಲಕ್ಷ. ಇಷ್ಟು ದೊಡ್ಡ ಓಯಸಿಸ್ ಜಗತ್ತಿನಲ್ಲಿ ಇನ್ನೊಂದಿಲ್ಲ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಸಾವಿರಾರು ವರ್ಷಗಳಿಂದ ಇಲ್ಲಿ ಊಟೆಗಳಿಂದ ನೀರು ತಾನಾಗೇ ಉಕ್ಕುತ್ತಿತ್ತು. ಪಂಪ್ ಬಂದ ಮೇಲೆ ಅಂತರ್ಜಲ ಕೆಳಗಿಳಿಯಿತು, ಊಟೆಗಳು ಉಕ್ಕುವುದನ್ನು ನಿಲ್ಲಿಸಿದವು. ಈಗ ಎಷ್ಟೋ ತೋಟಗಳಿಗೆ ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಹಾಯಿಸುತ್ತಾರೆ. ಇದೇ ಓಯಸಿಸ್‌ನ ಪಕ್ಕದಲ್ಲೇ, ನೆಲದ ಕೆಳಗೆ, ಘವಾರ್ ಮಲಗಿದೆ. 1948ರಲ್ಲಿ ಸಿಕ್ಕ ನಿಕ್ಷೇಪ, ಸುಮಾರು 280 ಕಿಲೋಮೀಟರ್ ಉದ್ದ, ಜಗತ್ತಿನ ಅತಿ ದೊಡ್ಡ ಎಣ್ಣೆ ಕಣಜ. ನೀರು ಬತ್ತಿದ ಕಡೆಯೇ ಎಣ್ಣೆ ಹರಿದಿದೆ.

ಕೈಸರಿಯಾ ಪೇಟೆಯಲ್ಲಿ ಬಿಶ್ತ್ ಹೊಲಿಯುವವರ ಸಾಲು ಹುಡುಕಿಕೊಂಡು ಹೋದೆವು. 2001ರಲ್ಲಿ ಬೆಂಕಿ ಬಿದ್ದು ಸುಟ್ಟ ಪೇಟೆಯನ್ನು ಹಳೇ ಮಾದರಿಯಲ್ಲೇ ಮತ್ತೆ ಕಟ್ಟಿದ್ದಾರೆ. ಬಿಶ್ತ್ ಅಂದರೆ ಮದುಮಗ, ಶೇಖ್, ಮಂತ್ರಿಗಳು ತೋಬ್ ಮೇಲೆ ಹೊದೆಯುವ ತೆಳು ನಿಲುವಂಗಿ. 2022ರ ವಿಶ್ವಕಪ್ ಗೆದ್ದಾಗ ಕತಾರಿನ ಅಮೀರ್ ಮೆಸ್ಸಿಗೆ ಹೊದಿಸಿದ್ದು ಇದನ್ನೇ. ಅಹ್ಸಾದ ಬಿಶ್ತ್ ಅಂದರೆ ಕೊಲ್ಲಿಯ ತುಂಬ ಹೆಸರು.

ಅಂಗಡಿಯ ಅಜ್ಜ ನೆಲದ ಮೇಲೆ ಕಾಲು ಮಡಚಿ ಕೂತಿದ್ದ. ತೊಡೆಯ ಮೇಲೆ ಕಂದು ಬಟ್ಟೆ, ಕುತ್ತಿಗೆಯ ಅಂಚು. ಚಿನ್ನದ ಬಣ್ಣದ ಜರಿಯ ಎಳೆ ಸೂಜಿಗೆ ಪೋಣಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕಿ, ನಾಲ್ಕು ಬೆರಳಗಲದ ಪಟ್ಟಿ ತುಂಬುತ್ತಿದ್ದ. ಒಂದಷ್ಟು ಮುಗಿದ ಮೇಲೆ ಒಂದು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಜರಿ ಚಪ್ಪಟೆಯಾಗಿ, ಎಳೆ ಎಳೆ ಕಾಣದ ಹಾಗೆ ಒಂದೇ ಹೊಳಪಾಯಿತು. ಮತ್ತೆ ಸೂಜಿ. ಅಕ್ಕನ ಮಗಳು ಅರಬ್ಬಿಯಲ್ಲಿ ಕೇಳಿ ಕೇಳಿ ನನಗೆ ಹೇಳುತ್ತಿದ್ದಳು. ಕೈಹೊಲಿಗೆಯ ಒಳ್ಳೇ ಬಿಶ್ತ್‌ಗೆ ವಾರಗಟ್ಟಲೆ ಬೇಕು, ಬೆಲೆ ಸಾವಿರಾರು ರಿಯಾಲ್. ಮೆಷಿನ್‌ನದ್ದು ಪಕ್ಕದಲ್ಲೇ ನೇತುಹಾಕಿತ್ತು, ಹತ್ತರಲ್ಲಿ ಒಂದು ಪಾಲಿನ ಬೆಲೆಗೆ. "ಮಕ್ಕಳು ಕಲಿತಿದ್ದಾರಾ?" ಅಂತ ಕೇಳಿಸಿದೆ. ಮಗ ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್. ಕೆಲಸ ಕಲಿಯುತ್ತಿರುವವನು ಲಖನೌ ಕಡೆಯ ಹುಡುಗ, ಅಜ್ಜನ ಎದುರಿಗೇ ಕೂತಿದ್ದ. "ಕೈ ಚೆನ್ನಾಗಿದೆ ಇವನದ್ದು" ಅಂದ ಅಜ್ಜ. ಹುಡುಗ ತಲೆ ಎತ್ತಲಿಲ್ಲ, ಕಿವಿ ಕೆಂಪಾಯಿತು. ಅರಬ್ಬರ ಮದುವೆಯ ಉಡುಪಿನ ಕಲೆ ಮುಂದೆ ಈ ಹುಡುಗನ ಬೆರಳಲ್ಲಿ ಉಳಿಯಬಹುದು. ಆದರೆ ಅವನ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ರಿನ್ಯೂ ಆಗುತ್ತಿರಬೇಕು.

ಕಾಫಿ ಬಂತು. ತಿಳಿ ಹಳದಿ ಬಣ್ಣ, ಏಲಕ್ಕಿಯ ಘಮ, ಸಕ್ಕರೆ ಇಲ್ಲ. ಜೊತೆಗೆ ಖಲಾಸ್ ಖರ್ಜೂರ. ಪುಟ್ಟ ಬಟ್ಟಲಿಗೆ ಕಾಲುಭಾಗ ಮಾತ್ರ ಸುರಿಯುತ್ತಾರೆ, ಖಾಲಿಯಾದಂತೆ ಮತ್ತೆ ಸುರಿಯುತ್ತಾರೆ. ಸಾಕು ಅಂದರೆ ಬಟ್ಟಲನ್ನು ಆಚೀಚೆ ಅಲ್ಲಾಡಿಸಬೇಕು. ಕೊಳ್ಳದೆ ಎದ್ದರೂ ಅಜ್ಜ ಒಂದು ಪೊಟ್ಟಣ ಖರ್ಜೂರ ಕೈಗಿತ್ತ. ದುಡ್ಡು ಚಾಚಿದ್ದಕ್ಕೆ ನಿಜಕ್ಕೂ ಬೇಸರ ಮಾಡಿಕೊಂಡ. ಅತಿಥಿಗೆ ಕೊಡುವುದು ಅವನಿಗೆ ಯಾವ ಆಜ್ಞೆಯಿಂದಲೂ ಬಂದದ್ದಲ್ಲ.

ಸೋಮವಾರ, ರೈಲು ಮತ್ತು ರಿಯಾದ್

ದಮ್ಮಾಮ್‌ನಿಂದ ರಿಯಾದ್‌ಗೆ ರೈಲಿದೆ. ದೊರೆ ಅಬ್ದುಲ್ ಅಜೀಜ್ ಹಠ ಹಿಡಿದು ಹಾಕಿಸಿದ ಹಳಿ, 1951ರಲ್ಲಿ ಶುರುವಾಯಿತು. ದಾರಿಯಲ್ಲಿ ಅಬ್‌ಕೈಕ್ ಬರುತ್ತದೆ. ಜಗತ್ತಿನ ಅತಿ ದೊಡ್ಡ ಎಣ್ಣೆ ಸಂಸ್ಕರಣಾ ಘಟಕ ಇರುವುದು ಇಲ್ಲೇ. 2019ರ ಸೆಪ್ಟೆಂಬರ್ 14ರಂದು ಡ್ರೋನ್ ದಾಳಿಯಾಗಿ ಹೊತ್ತಿ ಉರಿದಿತ್ತು. ರೈಲಿನಲ್ಲಿ ಯಾರೂ ಆ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರೂ ಫೋನಿನಲ್ಲಿ.

ಮಧ್ಯಾಹ್ನ ಮಸ್‌ಮಕ್ ಕೋಟೆಗೆ ಹೋದೆವು. 1860ರ ದಶಕದ ಮಣ್ಣಿನ ಕೋಟೆ. 1902ರ ಜನವರಿಯಲ್ಲಿ ಕುವೈತ್‌ನ ದೇಶಭ್ರಷ್ಟ ಬದುಕಿನಿಂದ ಹೊರಟ ಯುವಕ ಅಬ್ದುಲ್ ಅಜೀಜ್ ಹಿಡಿಯಷ್ಟು ಜನರನ್ನು ಕಟ್ಟಿಕೊಂಡು ಇದನ್ನು ಗೆದ್ದ. ಅವತ್ತು ಎಸೆದ ಈಟಿಯ ಮೊನೆ ಅಂತ ಬಾಗಿಲಿನಲ್ಲಿ ತೋರಿಸುತ್ತಾರೆ. ಕೋಟೆಯ ಸುತ್ತಲಿದ್ದ ಮಣ್ಣಿನ ಊರು ಈಗಿಲ್ಲ. ಎಣ್ಣೆಯ ದುಡ್ಡು ಬಂದ ಮೇಲೆ ಊರಗೋಡೆ ಕೆಡವಿದರು, ಮನೆಗಳನ್ನು ಕೆಡವಿದರು, ಸಿಮೆಂಟು ಬಂತು. 2022ರ ಜನಗಣತಿಯ ಪ್ರಕಾರ ರಿಯಾದ್‌ನಲ್ಲಿ 70 ಲಕ್ಷ ಜನ.

ಹೊಸದನ್ನು ತರುವಾಗ ಇಲ್ಲಿನ ದೊರೆಗಳು ಉಲೇಮಾಗಳನ್ನು, ಅಂದರೆ ಧರ್ಮಪಂಡಿತರನ್ನು, ಒಲಿಸಿದ ಕತೆಗಳು ಬೇಕಾದಷ್ಟಿವೆ. ರೇಡಿಯೊ ಸೈತಾನನ ದನಿ ಅಂದವರಿಗೆ ಅಬ್ದುಲ್ ಅಜೀಜ್ ಅದರಲ್ಲಿ ಕುರಾನ್ ಪಠಣ ಕೇಳಿಸಿದರಂತೆ. ಸೈತಾನ ಕುರಾನ್ ಓದುತ್ತಾನಾ ಅಂದರಂತೆ. ಮಗ ಫೈಸಲ್ ಕಾಲದಲ್ಲಿ ಅಷ್ಟು ಸಲೀಸಾಗಲಿಲ್ಲ. ಹೆಣ್ಣುಮಕ್ಕಳ ಸರ್ಕಾರಿ ಶಾಲೆ ಬೇಡ ಅಂತ 1963ರಲ್ಲಿ ಬುರೈದಾದಲ್ಲಿ ಗಲಾಟೆಯಾಯಿತು. 1965ರಲ್ಲಿ ಟಿ.ವಿ. ಬಂದಾಗ ವಿರೋಧಿಸಿದವರಲ್ಲಿ ದೊರೆಯ ಅಣ್ಣನೋ ತಮ್ಮನೋ ಒಬ್ಬರ ಮಗನೇ ಇದ್ದ, ಪೊಲೀಸರ ಗುಂಡಿಗೆ ಸತ್ತ. 1975ರಲ್ಲಿ ಫೈಸಲ್ ಅವರನ್ನು ಕೊಂದವನು ಆ ಹುಡುಗನ ಸ್ವಂತ ಸಹೋದರ. ಒಂದು ಟಿ.ವಿ. ಕೇಂದ್ರಕ್ಕೆ ಈ ಮನೆತನ ತೆತ್ತ ಬೆಲೆ ಸಣ್ಣದಲ್ಲ.

ರಾತ್ರಿ ಬಥಾ ಪೇಟೆ. ಮಲಯಾಳಂ, ಬಂಗಾಳಿ, ಉರ್ದು ಬೋರ್ಡುಗಳು. ಭಟ್ಕಳದ ಹಿರಿಯರೊಬ್ಬರು ಸಿಕ್ಕರು. ಮೊಬೈಲ್ ಅಂಗಡಿ ನಡೆಸುತ್ತಿದ್ದವರು. 2016ರಲ್ಲಿ ಮೊಬೈಲ್ ಅಂಗಡಿಗಳಲ್ಲಿ ಸೌದಿಗಳೇ ಕೆಲಸ ಮಾಡಬೇಕು ಅಂತ ಆದಮೇಲೆ ಬಟ್ಟೆ ಅಂಗಡಿಗೆ ಲೆಕ್ಕ ಬರೆಯಲು ಸೇರಿದರು. "ಅವರ ಮಕ್ಕಳಿಗೂ ಕೆಲಸ ಬೇಕಲ್ಲಮ್ಮಾ. ನಮಗೆ ಸಿಟ್ಟಿಲ್ಲ. ಒಂದು ವರ್ಷ ಮುಂಚೆ ಹೇಳಿದ್ರೆ ಚೆನ್ನಾಗಿತ್ತು" ಅಂದರು. ಸೌದಿ ಪ್ರಜೆಗಳಲ್ಲಿ ನೂರಕ್ಕೆ 63 ಜನ ಮೂವತ್ತರ ಕೆಳಗಿನವರು. ಕೆಲಸ ಬೇಕು ಅನ್ನುವುದು ನ್ಯಾಯವೇ. ಹಿರಿಯರು ಕೇಳಿದ ಒಂದು ವರ್ಷವೂ ನ್ಯಾಯವೇ.

ಮಂಗಳವಾರ, ದಿರಿಯಾ

ಬೆಳಗ್ಗೆ ಮೆಟ್ರೊ. 2024ರ ಡಿಸೆಂಬರ್ 1ಕ್ಕೆ ಶುರುವಾಗಿದ್ದು. ಆರು ಮಾರ್ಗ, 176 ಕಿಲೋಮೀಟರ್, ಡ್ರೈವರ್ ಇಲ್ಲ. 4 ರಿಯಾಲ್‌ಗೆ ಎರಡು ಗಂಟೆ ಓಡಾಡಬಹುದು. ಮಸ್‌ಮಕ್ ಪಕ್ಕದ ಕಸ್ರ್ ಅಲ್ ಹುಕ್ಮ್ ಸ್ಟೇಷನ್ನಿನಲ್ಲಿ ನೀಲಿ ಮಾರ್ಗ ಹತ್ತಿದರೆ ಗಾಜಿನ ಗೋಪುರಗಳ ಹಣಕಾಸು ಜಿಲ್ಲೆಗೆ ನೇರ. ಬೋಗಿಯಲ್ಲಿ ಫ್ಯಾಮಿಲಿ ಭಾಗ ಬೇರೆ, ಒಂಟಿ ಗಂಡಸರ ಭಾಗ ಬೇರೆ. ಗೋಪುರಗಳ ಬಗ್ಗೆ ಬರೆಯಲು ನನಗೇನೂ ಇಲ್ಲ. ದುಬೈನಲ್ಲೂ ಇವೇ, ಬೆಂಗಳೂರಿನಲ್ಲೂ ಬರುತ್ತಿವೆ.

ದಿರಿಯಾ ಬೇರೆ ವಿಷಯ. ಸೌದ್ ಮನೆತನದ ಮೂಲಸ್ಥಾನ. ವಾದಿ ಹನೀಫಾ ಕಣಿವೆಯ ಒಂದು ದಂಡೆಯಲ್ಲಿ ತುರೈಫ್, ಮಣ್ಣಿನ ಅರಮನೆಗಳ ಊರು. 1818ರಲ್ಲಿ ಆಟೊಮನ್‌ರ ಪರವಾಗಿ ಈಜಿಪ್ಟಿನಿಂದ ಬಂದ ಇಬ್ರಾಹಿಂ ಪಾಷಾ ಇದನ್ನು ಹಾಳುಗೆಡವಿದ. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ತ್ರಿಕೋನದ ಸಣ್ಣ ಗವಾಕ್ಷಿಗಳಿಂದ ಬೆಳಕು ಒಳಗೆ ಬೀಳುತ್ತದೆ. ಗೋಡೆಗೆ ಅಂಗೈ ಇಟ್ಟೆ, ಹೊರಗೆ ಬಿಸಿಲಿದ್ದರೂ ತಣ್ಣಗಿತ್ತು.

ಎದುರು ದಂಡೆ ಬುಜೈರಿ. ಹದಿನೆಂಟನೇ ಶತಮಾನದಲ್ಲಿ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್ ಪಾಠ ಹೇಳುತ್ತಿದ್ದ ಕಡೆ. ಸಂಗೀತ, ಗೋರಿಪೂಜೆ, ಆಡಂಬರ ಯಾವುದೂ ಕೂಡದು ಅಂದ ಕಟ್ಟುನಿಟ್ಟಿನ ಪಂಥ ಬೆಳೆದ ಜಾಗ. ಈಗ ಅಲ್ಲಿ ಬುಜೈರಿ ಟೆರೇಸ್. ಪ್ಯಾರಿಸ್‌ನ ಹೆಸರಿನ ಹೋಟೆಲುಗಳು, ಸಂಜೆಗೆ ದೀಪ, ಸಂಗೀತ.

ಇತಿಹಾಸದ ಲೆಕ್ಕವೂ ಬದಲಾಗಿದೆ. ಈ ರಾಜ್ಯ ಹುಟ್ಟಿದ್ದು 1744ರಲ್ಲಿ, ಆ ಪಂಡಿತನೂ ಸೌದ್ ದೊರೆಯೂ ಕೈಜೋಡಿಸಿದಾಗ ಅಂತ ಹಿಂದೆ ಪುಸ್ತಕಗಳಲ್ಲಿತ್ತು. 2022ರಿಂದ ಫೆಬ್ರವರಿ 22 ಸ್ಥಾಪನಾ ದಿನ, ವರ್ಷ 1727. ಪಂಡಿತ ಬರುವುದಕ್ಕೂ ಮುಂಚಿನ ವರ್ಷ. ಹದಿನೇಳು ವರ್ಷ ಹಿಂದೆ ಸರಿದದ್ದೇ ತಡ, ಕತೆಯಲ್ಲಿ ಮೌಲ್ವಿಗಳ ಪಾಲು ಕರಗಿತು. 1979ರಲ್ಲಿ ಮೆಕ್ಕಾದ ಮಹಾ ಮಸೀದಿಯನ್ನು ಬಂಡುಕೋರರು ವಶಪಡಿಸಿಕೊಂಡ ಮೇಲೆ ಇದೇ ರಾಜಮನೆತನ ಮೌಲ್ವಿಗಳಿಗೆ ಬೀದಿ, ಶಾಲೆ, ಟಿ.ವಿ. ಎಲ್ಲ ಬಿಟ್ಟುಕೊಟ್ಟಿತ್ತು. ಅಕ್ಕ ಟ್ರಾಲಿ ಹಿಡಿದು ನಿಂತದ್ದು ಆ ಕಾಲದ ಪಾಲು. ಬಿಗಿದದ್ದೂ ಅರಮನೆ, ಸಡಿಲಿಸಿದ್ದೂ ಅರಮನೆ. ಅಕ್ಕನಿಗೆ ಸಿಕ್ಕ ಸ್ವಾತಂತ್ರ್ಯ ನಿಜವಾದದ್ದು, ನನಗೆ ಅದರಲ್ಲಿ ಅನುಮಾನವಿಲ್ಲ. ಅವಳ ಮುಖ ನೋಡಿದರೆ ಸಾಕು. ಆದರೆ ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಗೆ ಹೋಗಬಹುದು ಅನ್ನುವ ಅಳುಕು ನನ್ನನ್ನು ಬಿಡಲಿಲ್ಲ.

ರಾತ್ರಿ ಜರೀಶ್ ತಿಂದೆವು. ಒಡೆದ ಗೋಧಿಯನ್ನು ಮಜ್ಜಿಗೆಯಲ್ಲಿ ಹದವಾಗಿ ಬೇಯಿಸಿ, ಮೇಲೆ ಹುರಿದ ಈರುಳ್ಳಿ. ನಮ್ಮ ಗೋಧಿ ನುಚ್ಚಿನ ಗಂಜಿಯ ರುಚಿಯೇ. 2023ರಲ್ಲಿ ಇದನ್ನು ರಾಷ್ಟ್ರೀಯ ಖಾದ್ಯ ಅಂತ ಘೋಷಿಸಿದ್ದಾರೆ.

ಬುಧವಾರ, ಜೆದ್ದಾ

ವಿಮಾನದಲ್ಲಿ ಜೆದ್ದಾಗೆ. ಪೂರ್ವದ ಕೊಲ್ಲಿಯಿಂದ ಪಶ್ಚಿಮದ ಕೆಂಪು ಸಮುದ್ರಕ್ಕೆ. ಇಲ್ಲಿನ ಗಾಳಿಯೇ ಬೇರೆ. ಸಾವಿರದ ಮುನ್ನೂರು ವರ್ಷಗಳಿಂದ ಹಜ್ ಯಾತ್ರಿಕರು ಇಳಿದ ಬಂದರು. ಜಾವಾ, ಆಫ್ರಿಕಾ, ಬುಖಾರಾ, ಹಿಂದೂಸ್ತಾನ, ಎಲ್ಲ ಕಡೆಯ ಮುಖಗಳೂ ಸೌದಿ ಪ್ರಜೆಗಳಲ್ಲೇ ಕಾಣುತ್ತವೆ.

ಅಲ್ ಬಲದ್ ಹಳೇ ಊರು, 2014ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಡಲಿನಿಂದ ಕಿತ್ತ ಹವಳದ ಕಲ್ಲಿನ ಎತ್ತರದ ಮನೆಗಳು. ಮುಂದೆ ಚಾಚಿದ ರೌಶನ್, ಅಂದರೆ ಕೆತ್ತನೆಯ ಮರದ ಜಾಲರಿ ಕಿಟಕಿ. ಗಾಳಿ ಒಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ. ಒಳಗಿನ ಹೆಂಗಸರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಅವರು ಕಾಣುವುದಿಲ್ಲ. ಈ ತೇಗದ ಮರ ಹಡಗುಗಳಲ್ಲಿ ಬರುತ್ತಿದ್ದುದು ನಮ್ಮ ಹಿಂದೂಸ್ತಾನದಿಂದ, ಜಾವಾ ಕಡೆಯಿಂದ. ಒಂದು ಮುರಿದ ಜಾಲರಿಯ ಅಂಚು ಮುಟ್ಟಿ ನೋಡಿದೆ. ಬಣ್ಣ ಹೋಗಿ ಬೂದಿಯಾಗಿತ್ತು, ಒಳಗೆ ಮರ ಗಟ್ಟಿಯಾಗೇ ಇತ್ತು.

ನಸೀಫ್ ಮನೆಯ ಮುಂದೆ ದೊಡ್ಡ ಬೇವಿನ ಮರ. ಒಂದು ಕಾಲಕ್ಕೆ ಇಡೀ ಜೆದ್ದಾಗೆ ಇದ್ದ ಮರ ಇದೊಂದೇ ಅಂತೆ. ಕುಡಿಯುವ ನೀರಿಗೇ ಕಷ್ಟವಿದ್ದ ಊರಲ್ಲಿ ಮರಕ್ಕೆ ನೀರು ಹಾಕುವುದೇ ಶ್ರೀಮಂತಿಕೆ. ಮನೆ ಮುಗಿದಿದ್ದು 1881ರಲ್ಲಿ. 1925ರಲ್ಲಿ ಜೆದ್ದಾ ಗೆದ್ದ ಅಬ್ದುಲ್ ಅಜೀಜ್ ಉಳಿದುಕೊಂಡಿದ್ದು ಇಲ್ಲೇ.

ಎಣ್ಣೆಯ ಕಾಲದಲ್ಲಿ ಸಿರಿವಂತ ಮನೆತನಗಳು ಬಲದ್ ಬಿಟ್ಟು ಉತ್ತರದ ವಿಲ್ಲಾಗಳಿಗೆ ಹೋದವು. ಹಳೇ ಮನೆಗಳಲ್ಲಿ ಬಡ ವಲಸೆಗಾರರು ತುಂಬಿಕೊಂಡರು. ಕೆಲವು ಕುಸಿದವು, ಕೆಲವಕ್ಕೆ ಬೆಂಕಿ ಬಿತ್ತು. 2019ರಲ್ಲಿ ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್ 56 ಕಟ್ಟಡಗಳಿಗೆ 5 ಕೋಟಿ ರಿಯಾಲ್ ಕೊಟ್ಟ ಮೇಲೆ ದುರಸ್ತಿ ಜೋರಾಯಿತು. ಕೆಲಸ ಅಚ್ಚುಕಟ್ಟಾಗಿದೆ, ಅದನ್ನು ಒಪ್ಪಬೇಕು. ಆದರೆ ಇದೇ ಜೆದ್ದಾದ ದಕ್ಷಿಣದಲ್ಲಿ 2021ರ ಕೊನೆಯಿಂದ ಗುಲೈಲ್, ಪೆಟ್ರೊಮಿನ್‌ನಂಥ ಕೇರಿಗಳನ್ನು ಬುಲ್ಡೋಜರ್ ನೆಲಸಮ ಮಾಡಿತು. ತಲೆಮಾರುಗಳಿಂದ ಅಲ್ಲಿದ್ದ ವಲಸೆಗಾರರೂ ಬಡ ಸೌದಿಗಳೂ ಎದ್ದು ಹೋಗಬೇಕಾಯಿತು. ಪರಿಹಾರ ಸಿಕ್ಕಿದ್ದು ಸೌದಿ ಪ್ರಜೆಗಳಿಗೆ. ಟ್ಯಾಕ್ಸಿಯ ಚಾಲಕ, ಯೆಮನ್ ಮೂಲದವನು, ಆ ಖಾಲಿ ಬಯಲಿನ ಪಕ್ಕದಲ್ಲಿ ಹೋಗುವಾಗ ಕೈ ತೋರಿಸಿ "ನಮ್ಮ ಮನೆ" ಅಂದ. ಕಲ್ಲು ಮಣ್ಣಿನ ರಾಶಿಯೂ ಇರಲಿಲ್ಲ ಅಲ್ಲಿ. ಜಾಲರಿ ಇದ್ದ ಮನೆ ಪರಂಪರೆ, ಇಲ್ಲದ್ದು ಕೊಳೆಗೇರಿ. ಇದನ್ನು ನನಗೆ ಒಪ್ಪಿಕೊಳ್ಳಲು ಆಗಲಿಲ್ಲ.

ಗುರುವಾರ, ಜೆದ್ದಾ

ಹರಮೈನ್ ಹೈಸ್ಪೀಡ್ ರೈಲಿನ ಸ್ಟೇಷನ್ ನೋಡಲು ಹೋದೆವು. ಮೆಕ್ಕಾ–ಮದೀನಾ, 450 ಕಿಲೋಮೀಟರ್, ಗಂಟೆಗೆ 300 ಕಿಲೋಮೀಟರ್ ವೇಗ. ಮೆಕ್ಕಾ ಕಡೆಗೆ ನಮಗೆ ಪ್ರವೇಶವಿಲ್ಲ, ಅದು ಮುಸ್ಲಿಮರಿಗೆ ಮಾತ್ರ. ಬಿಳಿ ಇಹ್ರಾಮ್ ಉಟ್ಟ ಯಾತ್ರಿಕರು ಸಾಲಾಗಿ ಒಳಗೆ ಹೋಗುತ್ತಿದ್ದರು. ಇವರ ಮುತ್ತಜ್ಜಂದಿರು ಒಂಟೆಯ ಮೇಲೆ ಮೆಕ್ಕಾದಿಂದ ಮದೀನಾ ತಲುಪಲು ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. 2022ರಲ್ಲಿ ಈ ರೈಲು ಓಡಿಸಲು 30 ಹೆಂಗಸರು ಬೇಕು ಅಂತ ಜಾಹೀರಾತು ಹಾಕಿದಾಗ ಬಂದ ಅರ್ಜಿ 28,000! ಹೆಂಗಸರ ದುಡಿಮೆಯ ಪ್ರಮಾಣ 2030ಕ್ಕೆ ಶೇಕಡಾ 30 ಆಗಲಿ ಅಂತ ರಾಜ್ಯ ಗುರಿ ಇಟ್ಟಿತ್ತು. ಎಷ್ಟೋ ವರ್ಷ ಮುಂಚೆಯೇ ದಾಟಿಬಿಟ್ಟರು. ಬಾಗಿಲು ತೆಗೆದಿದ್ದು ಅರಮನೆ ಇರಬಹುದು. ಒಳಗೆ ನುಗ್ಗಿದ ರಭಸ ಈ ಹುಡುಗಿಯರದ್ದೇ.

ಸ್ಟೇಷನ್ನಿನ ಸಹಾಯ ಕೌಂಟರ್‌ನಲ್ಲಿದ್ದವಳು ಅಕ್ಕನ ಮಗಳ ಅರಬ್ಬಿ ಕೇಳಿ ಯಾವ ಊರು ಅಂದಳು. "ದಮ್ಮಾಮ್." ಅಲ್ಲ, ಮೂಲ ಎಲ್ಲಿ? "ಅಪ್ಪ ಅಮ್ಮ ಶಿವಮೊಗ್ಗ. ನಾನು ಹುಟ್ಟಿದ್ದು ಬೆಳೆದಿದ್ದು ಎಲ್ಲ ದಮ್ಮಾಮ್." ಇಲ್ಲಿ ಹುಟ್ಟಿದ ಮಾತ್ರಕ್ಕೆ ಪ್ರಜೆಯಾಗುವುದಿಲ್ಲ. 2019ರಿಂದ ಪ್ರೀಮಿಯಂ ರೆಸಿಡೆನ್ಸಿ ಅಂತ ಒಂದಿದೆ, ಕಾಯಂ ಆಗಿ ಇರಬೇಕಾದರೆ 8 ಲಕ್ಷ ರಿಯಾಲ್ ಕಟ್ಟಬೇಕು. ಭಾವನಂಥವರ ಕೈಗೆಟುಕುವ ಮಾತಲ್ಲ. ಪಿ.ಯು. ಮುಗಿದ ಮೇಲೆ ಅವಳು ಮೈಸೂರಿಗೆ ಬರುತ್ತಾಳೆ, ಅಜ್ಜಿ ಮನೆಗೆ ರಜಕ್ಕೆ ಬಂದು ಹೋಗಿದ್ದು ಬಿಟ್ಟರೆ ಗೊತ್ತಿಲ್ಲದ ನಾಡಿಗೆ.

ಅದಕ್ಕೂ ಮುಂಚೆ ಅವಳಿಗೊಂದು ಕೆಲಸ ಆಗಬೇಕಂತೆ. ಫೆಬ್ರವರಿಗೆ ಹದಿನೆಂಟು ತುಂಬುತ್ತದೆ. ಮೈಸೂರಿನಲ್ಲೂ ಮಾಡಿಸಬಹುದಲ್ಲ ಅಂದೆ. "ಬೇಡ ಚಿಕ್ಕಮ್ಮ. ಸೌದಿ ಲೈಸೆನ್ಸೇ ಬೇಕು ನಂಗೆ" ಅಂದಳು. ಡ್ರೈವಿಂಗ್ ಸ್ಕೂಲಿನ ಫೀಸು ಎಷ್ಟು ಅಂತ ಭಾವ ಕೇಳಿದರು. ಅಕ್ಕ ಆಗಲೇ ಫೋನ್ ತೆಗೆದು ಬುಕಿಂಗ್ ಪುಟ ನೋಡುತ್ತಿದ್ದಳು.